ಓದುಗರ ಸ್ಪಂದನ: ಗೋಡೆಯ ಮೇಲೆ ವಚನ, ಕಾಟಾದಲ್ಲಿ ಕೊರತೆ

ಸಮಸ್ಯೆ: ಗದಗ ಜಿಲ್ಲೆಯ ಊರೊಂದರಲ್ಲಿ ನನ್ನದು ಕಿರಾಣಿ ಅಂಗಡಿ. ಗಲ್ಲಾದ ಹಿಂದೆ ‘ನೀವು ಲೋಕಕ್ಕೆ ಬೆಳಕಾಗಿದ್ದೀರಿ’ ಎಂಬ ಬೈಬಲ್ ವಚನ ಹಾಕಿದ್ದೇನೆ. ಈಚೆಗೆ ಗಿರಾಕಿಯೊಬ್ಬರು ಒಂದು ಕಿಲೋ ಬೇಳೆಯನ್ನು ಬೇರೆಡೆ ತೂಗಿಸಿ ತಂದು, 40 ಗ್ರಾಂ ಕಡಿಮೆ ಎಂದು ತೋರಿಸಿ, ‘ಈ ಬೆಳಕು ಇದೇನಾ?’ ಎಂದರು. ನಾನು ಬೇಕೆಂದು ಮಾಡಿದ್ದಲ್ಲ. ಓಣಿಯಲ್ಲಿ ಕ್ರೈಸ್ತರದು ನಮ್ಮದೊಂದೇ ಮನೆ. ನಮ್ಮ ನಡತೆಯೇ ನಂಬಿಕೆಗೆ ಸಾಕ್ಷಿ; ಹೋದ ಆ ಸಾಕ್ಷಿಯನ್ನು ಮತ್ತೆ ಹೇಗೆ ಕಟ್ಟಿಕೊಳ್ಳಲಿ? ಉದ್ರಿ ವಸೂಲಿ, ನೆರೆಯವರು ಕೊಡುವ ಪ್ರಸಾದ ಇವುಗಳಲ್ಲೂ ಹೇಗೆ ನಡೆಯಬೇಕೆಂದು ತಿಳಿಯದಾಗಿದೆ.

*

ಮೊದಲು ಕಾಟಾ ನೋಡಿ. ಮುದ್ರೆಯುಳ್ಳ 1 ಕಿಲೋ ಮತ್ತು 5 ಕಿಲೋ ತೂಕದ ಕಲ್ಲುಗಳನ್ನು ಒಂದಾದ ಮೇಲೊಂದು ಇಡಿ. ಎರಡಕ್ಕೂ 40 ಗ್ರಾಂ ಮಾತ್ರವೇ ಹೆಚ್ಚು ತೋರಿಸಿದರೆ ಅದು ಸೊನ್ನೆಯ ತಪ್ಪು: ತಟ್ಟೆಯ ಮೇಲೆ ಪ್ಲಾಸ್ಟಿಕ್ ಟ್ರೇ ಇಟ್ಟು ಸೊನ್ನೆಗೆ ತಂದಿಲ್ಲ, ಇಲ್ಲವೇ ಬೆಲ್ಲ, ಹಿಟ್ಟು ಅಂಟಿಕೊಂಡಿದೆ. 5 ಕಿಲೋಗೆ ಸುಮಾರು 200 ಗ್ರಾಂ ಹೆಚ್ಚು ತೋರಿಸಿದರೆ ಯಂತ್ರದ ಅಳತೆಯೇ ತಪ್ಪಿದೆ. ಸೀಲ್ ನೀವೇ ಒಡೆಯಬೇಡಿ, ಅದು ಅಪರಾಧ. ಪರವಾನಗಿ ಇರುವ ರಿಪೇರಿಯವರಿಂದ ಸರಿಮಾಡಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಹೊಸ ಮುದ್ರೆ ಹಾಕಿಸಿ. ಎಲೆಕ್ಟ್ರಾನಿಕ್ ಕಾಟಾಕ್ಕೆ 12 ತಿಂಗಳಿಗೊಮ್ಮೆ, ಕಲ್ಲುಗಳಿಗೆ 24 ತಿಂಗಳಿಗೊಮ್ಮೆ ಮುದ್ರೆ ಬೇಕು.

ಮುದ್ರೆ ಇದ್ದಮಾತ್ರಕ್ಕೆ ನೆಚ್ಚಿ ಕೂರುವಂತಿಲ್ಲ. ದಿನಾ ಬೆಳಿಗ್ಗೆ ಕಾಟಾದ ಮಟ್ಟ ತೋರಿಸುವ ಗುಳ್ಳೆ ನಡುವೆ ಇದೆಯೇ ನೋಡಿ, ತಟ್ಟೆ ಒರೆಸಿ, ಕಲ್ಲನ್ನು ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ಇಟ್ಟು ಪರೀಕ್ಷಿಸಿ. ಫ್ಯಾನಿನ ಗಾಳಿ ತಟ್ಟೆಗೆ ನೇರ ಬಡಿಯದಿರಲಿ. 5 ಗ್ರಾಂ ಲೆಕ್ಕದಲ್ಲಿ ಓಡುವ 30 ಕಿಲೋ ಕಾಟಾದ ಮೇಲೆ ಕನಿಷ್ಠ ತೂಕ 100 ಗ್ರಾಂ ಎಂದು ಬರೆದಿರುತ್ತದೆ. ಏಲಕ್ಕಿ, ಲವಂಗವನ್ನು ಅದರಲ್ಲಿ 20 ಗ್ರಾಂ ತೂಗಿದರೆ ಅಂದಾಜಷ್ಟೇ. ಅವಕ್ಕೆ ಮುದ್ರೆಯುಳ್ಳ ಬೇರೆ ಸಣ್ಣ ಕಾಟಾ ಇಡಿ. ಬೆಲ್ಲ, ಹುಣಸೆಹಣ್ಣನ್ನು ಮೊದಲೇ ಕಟ್ಟಿಟ್ಟರೆ ಬೇಸಿಗೆಯಲ್ಲಿ ತೇವ ಆರಿ ತೂಕ ಇಳಿಯುತ್ತದೆ. ಕೊಡುವಾಗಲೇ ತೂಗುವುದು ಒಳ್ಳೆಯದು.

ಸೊನ್ನೆಯ ತಪ್ಪಾಗಿದ್ದರೆ ಇನ್ನೊಂದು ಮಾತು. ಐದು ಕಿಲೋ ಒಯ್ದವರಿಗೆ 40 ಗ್ರಾಂ ನೂರಕ್ಕೆ ಒಂದೂ ಅಲ್ಲ. ಪಾವು ಕಿಲೋ (250 ಗ್ರಾಂ) ಒಯ್ದವರಿಗೆ ಅದು ನೂರಕ್ಕೆ ಹದಿನಾರು. ದಿನದ ಕೂಲಿಯಲ್ಲಿ ಪಾವು ಕಿಲೋ ಕೊಳ್ಳುವವರು ಯಾರೆಂದು ನಿಮಗೇ ಗೊತ್ತು. ಕಳ್ಳ ತಕ್ಕಡಿಯಿಂದ ಬಡವರಿಗೆ ಮೋಸಮಾಡುವವರನ್ನು ಗದರಿಸುವ, ಬೈಬಲಿನ ಆಮೋಸನ ಗ್ರಂಥದ 8ನೇ ಅಧ್ಯಾಯವನ್ನು ಕಾಟಾದ ಮುಂದೆ ಕೂತು ಓದಿ.

– ತೂಕದ ಯಂತ್ರಗಳ ಕೆಲಸ ಬಲ್ಲವರು, ಹುಬ್ಬಳ್ಳಿ

*

ಕ್ಷಮೆ ಕೇಳಿದರೆ ಸಾಲದು, ಹಣ ಮರಳಬೇಕು. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಅರಣ್ಯಕಾಂಡ 5:7 ಮೂಲಧನದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಲು ಹೇಳುತ್ತದೆ. ಗೊತ್ತಿಲ್ಲದೆ ಆದ ತಪ್ಪಿಗೆ ಈ ಎರಡನೆಯದು ನಿಮ್ಮ ಕೈಗೆಟುಕುವ ಅಳತೆ.

ಉದ್ರಿ ಪುಸ್ತಕ ತೆಗೆಯಿರಿ. ಕಾಟಾ ಯಾವಾಗ ಕೆಟ್ಟಿತೆಂದು ತಿಳಿಯದಿದ್ದರೆ ಕೊನೆಯ ಮುದ್ರೆಯ ದಿನದಿಂದಲೇ ಹಿಡಿಯಿರಿ, ಅನುಮಾನದ ಲಾಭ ಗಿರಾಕಿಗೆ ಹೋಗಲಿ. ಸೊನ್ನೆಯ ತಪ್ಪಾದರೆ ಎಷ್ಟು ಸಲ ತೂಗಿದ್ದೀರಿ ಎಂಬುದು ಲೆಕ್ಕ: ಬೇಳೆ ಕಿಲೋಗೆ 150 ರೂಪಾಯಿ ಇದ್ದರೆ ಸಲಕ್ಕೆ 6 ರೂಪಾಯಿ, 20 ಸಲಕ್ಕೆ 120, ಐದನೆಯ ಪಾಲು 24, ಒಟ್ಟು 144. ಅಳತೆಯೇ ತಪ್ಪಿದ್ದರೆ ಬಿಡಿ ಸಾಮಾನಿನ ಮೊತ್ತದ ಮೇಲೆ ನೂರಕ್ಕೆ 4, ಅದರ ಮೇಲೆ ಐದನೆಯ ಪಾಲು. ನಿಮ್ಮ ಪುಸ್ತಕ, ಗಿರಾಕಿಯ ಪುಸ್ತಕ ಎರಡರಲ್ಲೂ ಜಮಾ ಬರೆಯಿರಿ.

ನಗದು ಗಿರಾಕಿಗಳಿಗೆ ಹಲಗೆಯ ಮೇಲೆ ನೇರವಾಗಿ ಬರೆದು ತಿಳಿಸಿ: ಇಂಥ ದಿನದಿಂದ ಇಂಥ ದಿನದವರೆಗೆ ತೂಕ ಕಡಿಮೆ ಬಂದಿದೆ, ಒಯ್ದವರು ಬಂದು ಕೇಳಿ. ಬಿಲ್ ಕೇಳಬೇಡಿ. ಕೆಲವರು ಸುಳ್ಳು ಹೇಳಿ ಒಯ್ಯಬಹುದು, ಒಯ್ಯಲಿ. ಯಾರೂ ಕೇಳದೆ ಉಳಿದ ಹಣವನ್ನು ಬಡವರಿಗೆ ಕೊಡಿ, ಆದರೆ ಅದನ್ನು ಕಾಣಿಕೆಯೆಂದು ಚರ್ಚಿನ ಸಭೆಯಲ್ಲಿ ಓದಿಸಬೇಡಿ. ಅದು ನಿಮ್ಮ ಹಣವೇ ಅಲ್ಲ.

ಉದ್ರಿ ವಸೂಲಿಯಲ್ಲಿ ನಾಲ್ಕು ಜನರ ಮುಂದೆ ಬಾಕಿ ಎತ್ತಬೇಡಿ. ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರೇ ಇದ್ದಾಗ ಕೇಳಿ, ಇಷ್ಟಿಷ್ಟಾಗಿ ಕೊಡುವ ತಾರೀಖು ಅವರ ಬಾಯಿಂದಲೇ ಬರಲಿ. ಉದ್ರಿಗೆ ಒಂದು ದರ, ನಗದಿಗೆ ಒಂದು ದರ ಇದ್ದರೆ ಸಾಮಾನು ಕೊಡುವ ಮೊದಲೇ ಹೇಳಬೇಕು.

– ಸಭೆಯೊಂದರ ಖಜಾಂಚಿ, ಧಾರವಾಡ

*

ನೀವು ಬರೆಯದೆ ಬಿಟ್ಟ ಒಬ್ಬರಿದ್ದಾರೆ: ಅಂಗಡಿಯಲ್ಲಿ ದುಡಿಯುವ ಆಳು. ಇದ್ದರೆ ಅವರಿಗಿಂತ ಹತ್ತಿರದಿಂದ ನಿಮ್ಮನ್ನು ನೋಡುವವರು ಊರಲ್ಲಿ ಯಾರೂ ಇಲ್ಲ. ವಯಸ್ಸು 14 ತುಂಬಿರದಿದ್ದರೆ ಇಂದೇ ಕೆಲಸ ಬಿಡಿಸಿ ಶಾಲೆಗೆ ಸೇರಿಸಲು ನೆರವಾಗಿ. ಪಗಾರದ ತಾರೀಖು ಗೊತ್ತುಮಾಡಿ, ಆ ದಿನ ವ್ಯಾಪಾರ ಇಲ್ಲದಿದ್ದರೂ ಕೊಡಿ. ಕೂಲಿಯನ್ನು ಬೆಳಗಿನ ತನಕವೂ ಇಟ್ಟುಕೊಳ್ಳಬಾರದು ಎನ್ನುತ್ತದೆ ಯಾಜಕಕಾಂಡ 19:13. ಭಾನುವಾರ ಅಂಗಡಿ ಮುಚ್ಚಿ ನೀವು ಆರಾಧನೆಗೆ ಹೋಗಿ, ಅವರಿಂದ ಗೋದಾಮು ಗುಡಿಸಿಸಿದರೆ ಅದು ರಜೆಯಲ್ಲ. ದೀಪಾವಳಿ, ಯುಗಾದಿಗೆ ಅವರು ಕೇಳುವ ಮೊದಲೇ ರಜೆ, ಕೈಯಲ್ಲಿ ಒಂದಿಷ್ಟು ಹಬ್ಬದ ಖರ್ಚು.

– ಓದುಗರೊಬ್ಬರು, ಬೆಟಗೇರಿ

*

ತಮ್ಮಾ, ವಚನವನ್ನು ತೆಗೆಯಬೇಡ. ಈಗ ತೆಗೆದರೆ ಓಡಿಹೋದಂತೆ. ಅದರ ಪಕ್ಕದಲ್ಲೇ ಮುದ್ರೆಯ ಪ್ರಮಾಣಪತ್ರ ತೂಗುಹಾಕು. 1 ಕಿಲೋ ಕಲ್ಲನ್ನು ಗಿರಾಕಿಯ ಕೈಗೆ ಸಿಗುವಲ್ಲಿ ಇಡು, ಯಾರು ಬೇಕಾದರೂ ಪರೀಕ್ಷಿಸಲಿ.

ಆ ಗಿರಾಕಿಯ ಮನೆಗೆ ಈ ವಾರವೇ ಹೋಗು. ಮತ್ತಾಯ 5:23-24ರಲ್ಲಿ ಯೇಸುಸ್ವಾಮಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಸಮಾಧಾನವಾಗು ಎನ್ನುತ್ತಾರೆ. ‘ತೂಕ ಕಡಿಮೆಯಿತ್ತು, ನಾನು ನೋಡಿಕೊಳ್ಳಬೇಕಿತ್ತು, ತಪ್ಪಾಯ್ತು’ – ಇಷ್ಟೇ ಸಾಕು. ‘ಆದರೆ ಯಂತ್ರ...’ ಎಂದು ಶುರುಮಾಡಿದರೆ ಕ್ಷಮೆ ಅಲ್ಲಿಗೇ ಕೆಡುತ್ತದೆ. ಅಲ್ಲಿ ಧರ್ಮದ ಮಾತೂ ಎತ್ತಬೇಡ. ಬಾಕಿ ಇರುವವರನ್ನು ಪ್ರಾರ್ಥನೆಗೆ ಕರೆಯುವುದಂತೂ ಕೂಡದು. ಸಾಲದ ಭಾರಕ್ಕೆ ‘ಹೂಂ’ ಎಂದವರ ಮಾತಿನಲ್ಲಿ ನಂಬಿಕೆ ಎಲ್ಲಿದ್ದೀತು? ಅವರಾಗಿ ಕೇಳಿದರೆ ಸಾತ್ವಿಕತ್ವದಿಂದ ಉತ್ತರ ಕೊಡು, 1 ಪೇತ್ರ 3:15 ಹೇಳುವುದು ಅದನ್ನೇ.

ಪ್ರಸಾದದ ವಿಷಯದಲ್ಲಿ ನಮ್ಮ ಸಭೆಗಳಲ್ಲೇ ಒಂದು ಮಾತಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥ 8 ಮತ್ತು 10ನೇ ಅಧ್ಯಾಯಗಳನ್ನು ಪೂರ್ತಿ ಓದಿ, ನಿನ್ನ ಮನಸ್ಸಾಕ್ಷಿ ಒಂದು ಕಡೆ ನಿಲ್ಲಲಿ. ತಿನ್ನುವುದಿಲ್ಲವಾದರೆ, ಕೊಡಲು ಬಂದಾಗ ಎದ್ದು ನಿಂತು, ಕೈಮುಗಿದು ಮೆತ್ತಗೆ ಹೇಳು: ‘ಅಕ್ಕಾರ, ನಮ್ಮಲ್ಲಿ ಇದನ್ನು ತಗೊಳ್ಳುವ ರೂಢಿ ಇಲ್ಲ, ಬೇಸರ ಮಾಡ್ಕೋಬ್ಯಾಡ್ರಿ.’ ಇಸಕೊಂಡು, ಅವರು ಬೆನ್ನು ತಿರುಗಿಸಿದ ಕೂಡಲೇ ಕಸದ ಬುಟ್ಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು: ಒಳಗೊಂದು ಹೊರಗೊಂದು, ಮೇಲೆ ಅವರ ಭಕ್ತಿಗೆ ಅವಮಾನ. ಕ್ರಿಸ್ಮಸ್‌ಗೆ ನಿಮ್ಮ ಮನೆಯ ಕರ್ಚಿಕಾಯಿ ಓಣಿಯ ಎಲ್ಲ ಮನೆಗೂ ಹೋಗಲಿ, ಕಾಟಾದ ವಿಷಯಕ್ಕೆ ಬೈದವರ ಮನೆಗೂ. ಅವರು ತಿನ್ನುತ್ತಾರೋ ಬಿಡುತ್ತಾರೋ ಅದು ಅವರ ಇಷ್ಟ.

– ನಿವೃತ್ತ ಸಭಾಪಾಲಕರು, ಬೆಳಗಾವಿ