ಎರಡು ರೂಪಾಯಿಯ ಲೌಂಜ್, ಒಂದು ಲಕ್ಷದ ಷರತ್ತು

ತುಂಗಾತೀರ: ಬೆಂಗಳೂರು–ದೆಹಲಿ ನಡುವೆ ವರ್ಷಕ್ಕೆ ನಾಲ್ಕೈದು ಸಲ ಓಡಾಡುತ್ತೇನೆ. ಮೊದಲು ಕ್ರೆಡಿಟ್ ಕಾರ್ಡ್ ಉಜ್ಜಿ ಎರಡು ರೂಪಾಯಿ ತೆತ್ತರೆ ವಿಮಾನ ನಿಲ್ದಾಣದ ಲೌಂಜಿನೊಳಗೆ, ಅಂದರೆ ಊಟ-ತಿಂಡಿ ಸಿಗುವ ವಿಶ್ರಾಂತಿ ಕೋಣೆಯೊಳಗೆ, ಬಿಡುತ್ತಿದ್ದರು. ಕಳೆದ ವಾರ ಕೌಂಟರಿನ ಹುಡುಗಿ ಮೂರು ಸಲ ಉಜ್ಜಿ ನೋಡಿ, "ಈ ತ್ರೈಮಾಸಿಕಕ್ಕೆ ನಿಮಗೆ ಅವಕಾಶವಿಲ್ಲ ಸರ್" ಎಂದಳು. ಹಿಂದೆ ಹದಿನೈದು ಜನ ಸಾಲಿನಲ್ಲಿದ್ದರು. ಕಿವಿ ಬಿಸಿಯಾಯಿತು. ಈ ಕಾರ್ಡನ್ನೇ ಇಟ್ಟುಕೊಳ್ಳಲೇ, ಹಣ ಕಟ್ಟಿ ಸದಸ್ಯರಾದರೆ ಲೌಂಜುಗಳಿಗೆ ಬಿಡುವ ಪ್ರಯಾರಿಟಿ ಪಾಸ್ ಕೊಳ್ಳಲೇ?

ಲೆಕ್ಕಿಗ: ಬ್ಯಾಂಕಿನವರು ಕಳಿಸಿದ ಷರತ್ತುಗಳನ್ನು ಓದಿರಲಿಲ್ಲವೇ? ಎಚ್‌ಡಿಎಫ್‌ಸಿಯ ರೆಗಾಲಿಯಾ ಕಾರ್ಡಿಗೆ 2023ರ ಡಿಸೆಂಬರ್ 1ರಿಂದಲೇ ಉಚಿತ ಲೌಂಜ್ ಬೇಕಾದರೆ ತ್ರೈಮಾಸಿಕಕ್ಕೆ ಕಾರ್ಡಿನಲ್ಲಿ ಒಂದು ಲಕ್ಷ ರೂಪಾಯಿ ಖರ್ಚು ಮಾಡಿರಬೇಕೆಂಬ ಷರತ್ತು ಬಂತು. ಐಸಿಐಸಿಐ ತನ್ನ ಹಲವು ಕಾರ್ಡುಗಳಿಗೆ 35,000 ಇದ್ದದ್ದನ್ನು 2024ರ ನವೆಂಬರ್ 15ರಿಂದ 75,000ಕ್ಕೆ ಏರಿಸಿತು. ಅದೂ ಹಿಂದಿನ ತ್ರೈಮಾಸಿಕದ ಖರ್ಚು. ಮೇ ತಿಂಗಳಲ್ಲಿ ಲೌಂಜಿಗೆ ಹೋಗಬೇಕಾದರೆ ಜನವರಿಯಿಂದ ಮಾರ್ಚ್‌ವರೆಗೆ ಉಜ್ಜಿರಬೇಕು.

ಕರಾವಳಿ ಹಕ್ಕಿ: ಒಂದು ತಟ್ಟೆ ಉಪ್ಪಿಟ್ಟಿಗೆ ಒಂದು ಲಕ್ಷವೇ!

ಲೆಕ್ಕಿಗ: ಉಪ್ಪಿಟ್ಟಿಗೆಂದೇ ಖರ್ಚು ಮಾಡಿ ಎಂದು ಯಾರೂ ಹೇಳಿಲ್ಲ. ವಿಮೆಯ ಕಂತು, ಮಕ್ಕಳ ಶುಲ್ಕ ಹೇಗಿದ್ದರೂ ಕಟ್ಟುವವರಿಗೆ ಅದು ತಾನಾಗಿ ತುಂಬುತ್ತದೆ. ನೀವು ಒಳಗೆ ಹೋದಾಗಲೆಲ್ಲ ಬ್ಯಾಂಕು ಲೌಂಜಿನ ಖರ್ಚಿಗೆ ತಲೆಗಿಷ್ಟೆಂದು ಹಣ ಕೊಡುತ್ತದೆ. ಎರಡು ರೂಪಾಯಿ ಬರೀ ಕಾರ್ಡಿನ ಗುರುತು ನೋಡಲು.

ನ್ಯೂಜೆರ್ಸಿ ಕನ್ನಡಿಗ: ಪ್ರಯಾರಿಟಿ ಪಾಸಿನ ಲೆಕ್ಕ ನಾನು ಹೇಳುತ್ತೇನೆ. ನಾನು ಇಲ್ಲಿ ನೋಡಿದ ದರ ಇದು: ಮೂಲ ಸದಸ್ಯತ್ವ ವರ್ಷಕ್ಕೆ 99 ಡಾಲರ್, ಮೇಲೆ ಪ್ರತಿ ಭೇಟಿಗೆ 35. ಮಧ್ಯದ್ದು 329, ಅದರಲ್ಲಿ ಹತ್ತು ಭೇಟಿ ಉಚಿತ. ಮಿತಿಯಿಲ್ಲದ್ದು 469. ಆರು ಭೇಟಿಯವರೆಗೆ ಮೊದಲನೆಯದೇ ಅಗ್ಗ, ಏಳರಿಂದ ಮಧ್ಯದ್ದು. ಹದಿನಾಲ್ಕು ದಾಟಿದರೆ ಮಾತ್ರ ದೊಡ್ಡದು ಗಿಟ್ಟುತ್ತದೆ. ನಿಮ್ಮ ನಾಲ್ಕು ಪ್ರಯಾಣಕ್ಕೆ, ಹೋಗುವಾಗಷ್ಟೇ ಲೌಂಜ್ ಎಂದರೂ, 239 ಡಾಲರ್ ಬೀಳುತ್ತದೆ. ನಾನಾದರೆ ಕೊಳ್ಳುವುದಿಲ್ಲ.

ತುಂಗಾತೀರ: ಕೆಲವು ಕಾರ್ಡುಗಳ ಜೊತೆ ಅದೇ ಪಾಸ್ ಉಚಿತವಾಗಿ ಬರುತ್ತದಲ್ಲ?

ಲೆಕ್ಕಿಗ: ಬರುತ್ತದೆ. ಆದರೆ ಇಲ್ಲಿನ ಅನೇಕ ಕಾರ್ಡುಗಳ ಪಾಸಿನಲ್ಲಿ ಉಚಿತ ಭೇಟಿ ವಿದೇಶದ ಲೌಂಜಿಗೆ ಮಾತ್ರ. ದೆಹಲಿಯಲ್ಲಿ ತೋರಿಸಿದರೆ ಮುಂದಿನ ಬಿಲ್ಲಿನಲ್ಲಿ ಡಾಲರ್ ಲೆಕ್ಕದಲ್ಲಿ ಬರೆ ಬೀಳುತ್ತದೆ.

ಕರಾವಳಿ ಹಕ್ಕಿ: ಷರತ್ತು ಪೂರೈಸಿದ ಮೇಲೂ ಖಾತ್ರಿ ಎಲ್ಲಿದೆ? ಬ್ಯಾಂಕಿಗೂ ಲೌಂಜಿಗೂ ಕೊಂಡಿಯಾಗಿದ್ದ ಡ್ರೀಮ್‌ಫೋಕ್ಸ್ ಕಂಪನಿ 2025ರ ಸೆಪ್ಟೆಂಬರಿನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಇನ್ನು ನನ್ನ ಕಥೆ ಕೇಳಿ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನನಗೆ ಉಚಿತ, ಅಮ್ಮನಿಗೆ ಸಾವಿರಕ್ಕೂ ಮೇಲೆ. "ನೀನು ತಿಂದು ಬಾ, ನಾನು ಇಲ್ಲೇ ಕುಳಿತಿರುತ್ತೇನೆ" ಎಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟರು. ನನಗೆ ಒಳಗೆ ಹೋಗಲು ಕಾಲೇ ಬರಲಿಲ್ಲ.

ಲೆಕ್ಕಿಗ: ಅದಕ್ಕೇ ಮನೆಯವರ ಹೆಸರಿಗೆ ಪಡೆಯುವ ಹೆಚ್ಚುವರಿ ಕಾರ್ಡಿಗೂ ಉಚಿತ ಭೇಟಿ ಕೊಡುತ್ತಾರೆಯೇ ಎಂಬುದನ್ನು ಮೊದಲು ಕೇಳಬೇಕು, ಹಕ್ಕಿಯವರೇ.

ನ್ಯೂಜೆರ್ಸಿ ಕನ್ನಡಿಗ: ದೋಹಾದಲ್ಲಿ ಆರು ಗಂಟೆ ಕಾಯುವಾಗ ಸ್ನಾನ, ಒರಗಲು ಕುರ್ಚಿ ಸಿಕ್ಕರೆ ಅದರ ಬೆಲೆ ಗೊತ್ತಾಗುತ್ತದೆ. ಎರಡೂವರೆ ಗಂಟೆಯ ಹಾರಾಟಕ್ಕೆ ಮುಂಚೆ ಲೌಂಜಿನ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲುವುದು ನನಗೆ ಅರ್ಥವಾಗುವುದಿಲ್ಲ.

ತುಂಗಾತೀರ: ಸರಿ. ವಾರ್ಷಿಕ ಶುಲ್ಕವಿಲ್ಲದ ಕಾರ್ಡ್ ಇರಲಿ, ಪಾಸ್ ಬೇಡ. ಮುಂದಿನ ತಿಂಗಳು ಮನೆಯಿಂದಲೇ ಚಪಾತಿ, ಪಲ್ಯ ಕಟ್ಟಿಕೊಂಡು ಹೋಗುತ್ತೇನೆ.

ಕರಾವಳಿ ಹಕ್ಕಿ: ಉಪ್ಪಿನಕಾಯಿಯನ್ನು ಕೈಚೀಲದಲ್ಲಿಡಬೇಡಿ. ನನ್ನ ಒಂದು ಭರಣಿ ಮಿಡಿ ಮಾವು ತಪಾಸಣೆಯ ಮೇಜಿನ ಮೇಲೆಯೇ ಉಳಿಯಿತು.