ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಇಮೇಜ್ ಫೈಲ್) ತಿದ್ದಿ ಡಿವಿಡಿ ಮಾಡಿದೆ, ಆದರೂ ಭಾಷೆ ಯಾವುದು ಅಂತ ಕೇಳ್ತಾನೇ ಇದೆ!

ಲ್ಯಾಬ್‌ಮೇಷ್ಟ್ರು: ತಲೆ ಕೆಟ್ಟು ಹೋಗಿದೆ. ಶಾಲೆಯ ಲ್ಯಾಬ್‌ಗೆ ಉಬುಂಟು ಹಾಕಬೇಕು. ಜೊತೆಗೆ ಲಿಬ್ರೆಆಫೀಸ್, ಜಿಕಾಂಪ್ರಿ (ಮಕ್ಕಳ ಕಲಿಕೆಯ ಆಟಗಳು), ಕನ್ನಡ ಟೈಪಿಂಗ್. ಒಂದೊಂದು ಸಿಸ್ಟಮ್ ಮುಂದೆ ಕೂತು ನೆಕ್ಸ್ಟ್ ಒತ್ತೋಕೆ ಪುರುಸೊತ್ತಿಲ್ಲ. ಅದಕ್ಕೇ ಐಎಸ್‌ಒ ಬಿಚ್ಚಿ, ಇನ್‌ಸ್ಟಾಲರ್ ಕೇಳೋದಕ್ಕೆಲ್ಲ ಉತ್ತರ ಮೊದಲೇ ಬರೆದ ಯೂಸರ್-ಡೇಟಾ ಫೈಲ್ ಸೇರಿಸಿ, ಮತ್ತೆ ಕಟ್ಟಿದೆ. ಬೂಟ್ ಆಗುತ್ತದೆ, ಆದರೆ ಮೊದಲ ಪರದೆಯಲ್ಲೇ ಭಾಷೆ ಆರಿಸಿ ಅಂತ ನಿಲ್ಲುತ್ತದೆ. ಉಳಿದಿದ್ದೆಲ್ಲ ಸರಿಯಾಗೇ ಇದೆ.

ಪೆಂಗ್ವಿನ್‌ಪ್ರಿಯ: ಯಾವ ವರ್ಷನ್ ಸಾರ್? ಡೆಸ್ಕ್‌ಟಾಪಾ, ಸರ್ವರಾ?

ಡಿಡಿಭಕ್ತ: ಪೆನ್‌ಡ್ರೈವ್ ಸಮಸ್ಯೆ, ನೂರಕ್ಕೆ ನೂರು. ರೂಫಸ್ ಬಿಟ್ಟು ಡಿಡಿ ಕಮಾಂಡ್‌ನಲ್ಲಿ ಐಎಸ್‌ಒ ಬರೆಯಿರಿ.

ಲ್ಯಾಬ್‌ಮೇಷ್ಟ್ರು: ಡಿವಿಡಿ ಅಂತ ಮೇಲೇ ಇದೆಯಲ್ಲ! 22.04 ಸರ್ವರ್. ಪ್ಯಾಕೇಜ್ ಪಟ್ಟಿಯಲ್ಲಿ ಕ್ಸುಬುಂಟು-ಕೋರ್ (ಹಗುರ ಡೆಸ್ಕ್‌ಟಾಪ್) ಹಾಕಿದ್ದೇನೆ.

ಡಿಡಿಭಕ್ತ: ಹಾಗಾದ್ರೆ ಬರ್ನ್ ಸರಿ ಆಗಿಲ್ಲ. ಸ್ಪೀಡ್ ಕಡಿಮೆ ಮಾಡಿ. ಫೈಲ್ ಕೆಟ್ಟಿಲ್ಲ ಅಂತ ತಿಳಿಯೋಕೆ ಚೆಕ್‌ಸಮ್ ನೋಡಿದ್ರಾ?

ಪೆಂಗ್ವಿನ್‌ಪ್ರಿಯ: ಇನ್‌ಸ್ಟಾಲರ್ ತನಕ ಬಂದಿದೆ ಮಾರಾಯ್ರೇ. ಚೆಕ್‌ಸಮ್ ನೋಡಿ ಏನು ಸಿಗುತ್ತೆ?

ಡಿಡಿಭಕ್ತ: ಅರ್ಧಂಬರ್ಧ ಬರ್ನ್ ಆದ ಡಿಸ್ಕ್‌ಗಳೂ ಅಲ್ಲಿತನಕ ಬರುತ್ತವೆ. ನಾನು ಕಂಡಿದ್ದೇನೆ.

ಹಳೇಡೆಬಿಯನ್: ಡೆಬಿಯನ್‌ನ ಉತ್ತರ-ಫೈಲ್ ಪ್ರೀಸೀಡ್ ಬಳಸಿ, ಸುಮ್ನೆ ಕೆಲಸ ಮಾಡುತ್ತೆ.

ಪೆಂಗ್ವಿನ್‌ಪ್ರಿಯ: ಡೆಬಿಯನ್‌ನಲ್ಲಿ ಸರಿ. ಉಬುಂಟು ಸರ್ವರ್‌ನ ಈಗಿನ ಇನ್‌ಸ್ಟಾಲರ್ ಪ್ರೀಸೀಡ್ ಓದುವುದೇ ಇಲ್ಲ.

ಗ್ರಬ್‌ಗಣಪ: ಜಗಳ ಆಮೇಲೆ. ಮೇಷ್ಟ್ರೇ, ಗ್ರಬ್.ಸಿಎಫ್‌ಜಿಯಲ್ಲಿ (ಬೂಟ್‌ಲೋಡರ್ ಗ್ರಬ್‌ನ ಸೆಟ್ಟಿಂಗ್ ಫೈಲ್) ಕರ್ನಲ್ ಸಾಲು ಹೇಗಿದೆ, ಇಲ್ಲಿ ಹಾಕಿ.

ಲ್ಯಾಬ್‌ಮೇಷ್ಟ್ರು: ಲಿನಕ್ಸ್ /ಕ್ಯಾಸ್ಪರ್/ವಿಎಂಲಿನಜ್ ಆಟೋಇನ್‌ಸ್ಟಾಲ್ ಡಿಎಸ್=ನೋಕ್ಲೌಡ್;ಎಸ್=/ಸಿಡಿರಾಮ್/ಎನ್‌ಸಿ/ ---

ಗ್ರಬ್‌ಗಣಪ: ಸಿಕ್ಕಿತು. ಆ ಸೆಮಿಕೋಲನ್ ನೋಡಿ. ಅಲ್ಲಿಗೆ ಕಮಾಂಡ್ ಮುಗೀತು ಅಂದುಕೊಳ್ಳುತ್ತದೆ ಗ್ರಬ್. ಮುಂದಿನ ದಾರಿ ಕರ್ನಲ್‌ಗೆ ತಲುಪುವುದೇ ಇಲ್ಲ, ಇನ್‌ಸ್ಟಾಲರ್‌ಗೆ ನಿಮ್ಮ ಫೈಲ್ ಸಿಗಲ್ಲ. ಸೆಮಿಕೋಲನ್ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ. ಅದೇ ಫೋಲ್ಡರ್‌ನಲ್ಲಿ ಮೆಟಾ-ಡೇಟಾ ಅಂತ ಖಾಲಿ ಫೈಲ್ ಆದರೂ ಇರಲಿ. ಅನುಮಾನ ಇದ್ದರೆ ಹೆಲ್ಪ್ ಮೆನುವಿನಿಂದ ಶೆಲ್‌ಗೆ ಹೋಗಿ /ಪ್ರಾಕ್/ಸಿಎಂಡಿಲೈನ್ (ಕರ್ನಲ್‌ಗೆ ತಲುಪಿದ ಸಾಲು) ಓದಿ.

ಲ್ಯಾಬ್‌ಮೇಷ್ಟ್ರು: ಗುರುವೇ, ಭಾಷೆ ಕೇಳಲಿಲ್ಲ! ತಾನೇ ಹಾರ್ಡ್‌ಡಿಸ್ಕ್ ಒರೆಸಿಕೊಂಡು ಓಡಿತು. ಆದರೆ ಈಗ ಪ್ಯಾಕೇಜ್ ಹಾಕುವ ಹಂತದಲ್ಲಿ ಎರರ್.

ಪೆಂಗ್ವಿನ್‌ಪ್ರಿಯ: ಲ್ಯಾಬ್‌ನಲ್ಲಿ ನೆಟ್ ಇದೆ ತಾನೇ?

ಲ್ಯಾಬ್‌ಮೇಷ್ಟ್ರು: ನೆಟ್ ಇದ್ದಿದ್ದರೆ ಇಷ್ಟೆಲ್ಲ ಯಾಕೆ ಮಾಡ್ತಿದ್ದೆ?

ಗ್ರಬ್‌ಗಣಪ: ಇದನ್ನ ಮೊದಲೇ ಹೇಳಬಾರದಾ! ಸರ್ವರ್ ಡಿಸ್ಕ್‌ನಲ್ಲಿ ಲಿಬ್ರೆಆಫೀಸ್ ಇರಲ್ಲ, ನೆಟ್‌ನಿಂದಲೇ ತರಬೇಕು. ಪ್ಯಾಕೇಜ್ ಪಟ್ಟಿ ತೆಗೆದುಬಿಡಿ. ಡೆಬ್ ಫೈಲ್‌ಗಳನ್ನು (ಪ್ಯಾಕೇಜ್‌ಗಳು) ಡಿಪೆಂಡೆನ್ಸಿ (ಅವಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು) ಸಮೇತ ಐಎಸ್‌ಒ ಒಳಗೆ ತುಂಬಿ. ಲೇಟ್-ಕಮಾಂಡ್ಸ್‌ನಲ್ಲಿ (ಇನ್‌ಸ್ಟಾಲ್ ಕೊನೆಗೆ ಓಡುವ ಕಮಾಂಡ್‌ಗಳು) ಅವನ್ನು /ಟಾರ್ಗೆಟ್‌ಗೆ, ಅಂದ್ರೆ ಹೊಸ ಸಿಸ್ಟಮ್‌ಗೆ, ಕಾಪಿ ಮಾಡಿ, ಕರ್ಟಿನ್ ಇನ್-ಟಾರ್ಗೆಟ್ ಮೂಲಕ ಆಪ್ಟ್ ಓಡಿಸಿ.

ಪೆಂಗ್ವಿನ್‌ಪ್ರಿಯ: ಅಷ್ಟು ಕಷ್ಟ ಯಾಕೆ? ಐಎಸ್‌ಒ ತಿದ್ದುವ ಕ್ಯೂಬಿಕ್‌ನಲ್ಲಿ ಡೆಸ್ಕ್‌ಟಾಪ್ 24.04 ತೆರೆದು ಬೇಕಾದ್ದೆಲ್ಲ ಹಾಕಿ ಪ್ಯಾಕ್ ಮಾಡಿ. ಅದೂ ಆಟೋಇನ್‌ಸ್ಟಾಲ್ ಓದುತ್ತೆ.

ಗ್ರಬ್‌ಗಣಪ: 24.04 ಡೆಸ್ಕ್‌ಟಾಪ್ 4.7 ಜಿಬಿ ಡಿವಿಡಿಯಲ್ಲಿ ಹಿಡಿಸಲ್ಲ.

ಡಿಡಿಭಕ್ತ: ಈ ಕಾಲದಲ್ಲೂ ಡಿವಿಡಿನಾ? ನಮ್ಮಲ್ಲಿ ಎಲ್ಲ ಪಿಎಕ್ಸ್‌ಇ (ನೆಟ್‌ವರ್ಕ್ ಬೂಟ್). ರಾಸ್ಪ್‌ಬೆರಿ ಪೈ ಮೇಲೆ ಡಿಎನ್‌ಎಸ್‌ಮಾಸ್ಕ್, ಪಕ್ಕದಲ್ಲಿ ಗಿಗಾಬಿಟ್ ಸ್ವಿಚ್. ಫೋಟೋ ಹಾಕಲಾ?

ಹಳೇಡೆಬಿಯನ್: ಹಾಕಿ. ನನ್ನ ಥಿಂಕ್‌ಪ್ಯಾಡ್ ಎಕ್ಸ್220 ಕೂಡ ಹಾಕ್ತೀನಿ, ಒರಿಜಿನಲ್ ಕೀಬೋರ್ಡ್.

ಲ್ಯಾಬ್‌ಮೇಷ್ಟ್ರು: ಸಾರ್, ಆ ಡೆಬ್ ಫೈಲ್‌ಗಳನ್ನ ಡಿಪೆಂಡೆನ್ಸಿ ಸಮೇತ ಇಳಿಸೋದು ಹೇಗೆ? ಕನ್ನಡದ ಕೆಜಿಪಿ ಕೀಬೋರ್ಡ್ ಲೇಔಟ್‌ಗೆ ಐಬಸ್-ಎಂ17ಎನ್ ಪ್ಯಾಕೇಜ್ ಒಂದೇ ಸಾಕಾ?

ಪೆಂಗ್ವಿನ್‌ಪ್ರಿಯ: ಕೆಜಿಪಿಗೆ ಸಾಕು. ಎಕ್ಸ್220ಯಲ್ಲಿ ಐಪಿಎಸ್ ಪ್ಯಾನೆಲ್ಲಾ?