ಅಕ್ಕನ ಮೊಣಕಾಲಿಗೆ ಒಗ್ಗುವ ಸೈಕಲ್

ಎಲ್ಲರಿಗೂ ನಮಸ್ಕಾರ. ಅಳಿಯಾ, ನಿನ್ನ ಅವ್ವನಿಗೆ, ಅಂದರೆ ನನ್ನ ಅಕ್ಕನಿಗೆ, ಈ ಸೈಕಲ್ ಆಗುತ್ತದೆಯೇ ಎಂದು ನಿನ್ನೆ ರಾತ್ರಿ ನೀನು ಹಾಕಿದ ಫೋಟೊ ಈಗ ನೋಡಿದೆ. ಅದರ ಕೆಳಗೆ ಕಾಕಾ ಬ್ಯಾಟರಿ ಸೈಕಲ್ಲೇ ತೆಗೆದುಕೊಳ್ಳಿ ಎಂದಿದ್ದಾರೆ. ವಹಿನಿ ಮೆತ್ತನೆಯ ಜೆಲ್ ಸೀಟು ಹಾಕಿಸಿದರೆ ಯಾವ ಸೈಕಲ್ಲಾದರೂ ನಡೆಯುತ್ತದೆ ಎಂದಿದ್ದಾರೆ. ಎಲ್ಲರಿಗೂ ಒಟ್ಟಿಗೇ ಉತ್ತರ ಹೇಳುತ್ತೇನೆ, ಉದ್ದವಾಗುತ್ತದೆ, ಊಟ ಮುಗಿಸಿ ನಿಧಾನವಾಗಿ ಕೇಳಿ. ಅಕ್ಕ, ನೀನಂತೂ ಪೂರ್ತಿ ಕೇಳಲೇಬೇಕು.

ಮೊದಲು ಒಂದು ಸಂತೋಷದ ಮಾತು. ಮೊಣಕಾಲು ಸವೆದಿದೆ, ಆದರೂ ಸೈಕಲ್ ತುಳಿಯಬಹುದು ಎಂದು ಡಾಕ್ಟರೇ ಹೇಳಿದ್ದಾರಲ್ಲ, ಅದು ಸರಿಯಾದ ಸಲಹೆ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್ ಮೇಲೆ ಕುಳಿತರೆ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಕೀಲು ಆಡುತ್ತಿರುತ್ತದೆ, ತೊಡೆಯ ಸ್ನಾಯು ಗಟ್ಟಿಯಾಗುತ್ತದೆ, ಏಟು ಮಾತ್ರ ಬೀಳುವುದಿಲ್ಲ. ಆದ್ದರಿಂದ ಈ ವಯಸ್ಸಿನಲ್ಲಿ ಸೈಕಲ್ ಯಾಕೆ ಎಂದು ಯಾರೂ ಅಕ್ಕನ ಉತ್ಸಾಹ ಕುಗ್ಗಿಸಬೇಡಿ. ಆದರೆ ಇದೆಲ್ಲ ನಡೆಯುವುದು ಸೈಕಲ್ ಮೈಗೆ ಹೊಂದಿದರೆ ಮಾತ್ರ. ಹೊಂದದಿದ್ದರೆ ಅದೇ ಸೈಕಲ್ ಮೊಣಕಾಲನ್ನು ಇನ್ನಷ್ಟು ಕೆಡಿಸುತ್ತದೆ.

ಅಳಿಯಾ, ನೀನು ಹಾಕಿದ್ದು ಫ್ಯಾಟ್ ಬೈಕ್. ನಾಲ್ಕು ಇಂಚಿನ ದಪ್ಪ ಟಯರು, ಮುಂದೆ ಶಾಕ್ ಅಬ್ಸಾರ್ಬರ್, ನೋಡಲು ಗಟ್ಟಿಮುಟ್ಟಾಗಿದೆ, ಕುಳಿತರೆ ಮೆತ್ತಗಿರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಅದು ಮರಳು, ಹಿಮದ ಮೇಲೆ ಓಡಲೆಂದು ಹುಟ್ಟಿದ ಸೈಕಲ್. ಡಾಂಬರಿನ ಮೇಲೆ ಆ ಟಯರು ಉರುಳಲು ಕಷ್ಟ, ಆ ಕಷ್ಟವನ್ನು ಪಡಬೇಕಾದದ್ದು ಅಕ್ಕನ ಮೊಣಕಾಲು. ಇನ್ನೊಂದು ಸಂಗತಿ ಫೋಟೊದಲ್ಲಿ ಕಾಣುವುದಿಲ್ಲ. ಆ ದಪ್ಪ ಚಕ್ರಕ್ಕೆ ಜಾಗ ಬಿಡಬೇಕಾದ್ದರಿಂದ ಎರಡು ಪೆಡಲ್‌ಗಳ ನಡುವಿನ ಅಂತರವನ್ನು ಮಾಮೂಲಿ ಸೈಕಲ್‌ಗಿಂತ ಹೆಚ್ಚು ಇಟ್ಟಿರುತ್ತಾರೆ. ಕಾಲು ಅಗಲಿಸಿಕೊಂಡೇ ತುಳಿಯಬೇಕು. ಸೊಂಟ, ಮೊಣಕಾಲು ನೋವಿರುವವರಿಗೆ ಅದು ಬೇಡವೇ ಬೇಡ. ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್‌ನಿಂದಲೂ ತೂಕ ಹೆಚ್ಚುವುದೇ ಹೊರತು ದೊಡ್ಡ ಉಪಯೋಗವಿಲ್ಲ.

ಹಾಗೆಂದು ಸೋಲಾಪುರ ರಸ್ತೆಯಲ್ಲಿ ಬೆಳಗಿನ ಜಾವ ನಮ್ಮ ಹುಡುಗರು ಅಭ್ಯಾಸಕ್ಕೆ ಓಡಿಸುತ್ತಾರಲ್ಲ, ಅಂಥ ರೇಸಿಂಗ್ ಸೈಕಲ್ ಕಡೆಗೂ ನೋಡಬೇಡ. ವಿಜಯಪುರ, ಬಾಗಲಕೋಟೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದವರೆಗೆ ಹೋಗಿ ಬರುತ್ತಾರೆ, ಅದು ನಮ್ಮೆಲ್ಲರ ಹೆಮ್ಮೆ. ಆದರೆ ಬೆನ್ನು ಬಗ್ಗಿಸಿ, ಕೆಳಗೆ ಬಾಗಿದ ಹ್ಯಾಂಡಲ್ ಹಿಡಿದು ಕೂರುವ ಆ ಭಂಗಿ ಗಾಳಿಯನ್ನು ಸೀಳುವುದಕ್ಕಾಗಿ. ಅಕ್ಕನಿಗೆ ಬೇಕಾದದ್ದು ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್. ಅಂಗಡಿಯಲ್ಲಿ ಹೈಬ್ರಿಡ್ ಎಂದು ಕೇಳು, ಅಥವಾ ಸಿಟಿ ಸೈಕಲ್ ಎಂದು ಕೇಳು. ಹೆಸರು ಏನೇ ಇರಲಿ, ನಾನು ಹೇಳುವ ಗುಣಗಳು ಅದರಲ್ಲಿ ಇರಬೇಕು.

ಒಂದು, ನಡುವಿನ ದಂಡ ತಗ್ಗಿನಲ್ಲಿರಬೇಕು. ನಾವು ಲೇಡೀಸ್ ಸೈಕಲ್ ಎನ್ನುತ್ತೇವಲ್ಲ, ಅದೇ ಆಕಾರ. ಇದು ಹೆಂಗಸರದ್ದು, ಗಂಡಸರದ್ದು ಎಂಬ ಮಾತೇ ಅಲ್ಲ, ಮೊಣಕಾಲು ಬಿಗಿದಿರುವ ಯಾರಿಗೇ ಆದರೂ ಕಾಲನ್ನು ಹಿಂದಿನಿಂದ ಎತ್ತಿ ದಾಟಿಸುವುದೇ ದಿನದ ಮೊದಲ ನೋವು. ಭಾವನವರು ತಾವೂ ಆಗಾಗ ಓಡಿಸುತ್ತೇನೆ ಎನ್ನುತ್ತಿದ್ದರು, ಅವರ ಸೊಂಟಕ್ಕೂ ಇದೇ ಒಳ್ಳೆಯದು.

ಎರಡನೆಯದು ಗೇರ್. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಪ್ಪನ ಹಳೆಯ ಕರಿ ಸೈಕಲ್ ನೆನಪಿಸಿಕೊಳ್ಳಿ. ಮುಂದೆ ಪೆಡಲ್ ಬಳಿಯ ಹಲ್ಲಿನ ಚಕ್ರ ಚೈನ್‌ವೀಲ್‌ಗೆ 44 ಹಲ್ಲು, ಹಿಂದಿನ ಚಕ್ರದಲ್ಲಿರುವ ಫ್ರೀವೀಲ್‌ಗೆ 18 ಹಲ್ಲು ಎಂದಿಟ್ಟುಕೊಂಡರೆ ಪೆಡಲ್ ಒಂದು ಸುತ್ತು ಸುತ್ತಿದಾಗ ಸೈಕಲ್ ಸುಮಾರು 5.5 ಮೀಟರ್ ಮುಂದೆ ಹೋಗಬೇಕು. ನೆಲ ಸಮವಾಗಿದ್ದರೆ, ಗಾಳಿ ಬೆನ್ನ ಹಿಂದಿದ್ದರೆ ಅದು ಚೆಂದ. ಏರು ಬಂದರೆ, ಎದುರುಗಾಳಿ ಬಂದರೆ ಅಷ್ಟು ದೂರದ ಭಾರವನ್ನು ಒಂದೇ ತುಳಿತದಲ್ಲಿ ಮೊಣಕಾಲು ನೂಕಬೇಕು. ಗೇರ್ ಸೈಕಲ್‌ನಲ್ಲಿ ಮುಂದೆ 28 ಹಲ್ಲು, ಹಿಂದೆಯೂ 28 ಹಲ್ಲು ಬರುವಂತೆ ಇಳಿಸಿಕೊಂಡರೆ ಅದೇ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮಾತ್ರ. ಸೈಕಲ್ ನಿಧಾನವಾಗಿ ಹೋಗುತ್ತದೆ, ಆದರೆ ಒತ್ತಡ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ಊರು ಸಪಾಟು, ಗೇರ್ ಯಾಕೆ ಎಂದು ಅಂಗಡಿಯವರು ಹೇಳುತ್ತಾರೆ. ಆಷಾಢದ ಗಾಳಿಯನ್ನು ಅವರು ಮರೆತಿರುತ್ತಾರೆ. ಮರವಿಲ್ಲದ ಬಯಲಿನಲ್ಲಿ ಪಡುವಣ ಗಾಳಿ ಎದುರು ನಿಂತರೆ ಸಪಾಟು ರಸ್ತೆಯೂ ಗುಡ್ಡವೇ. ಹಾಗಾಗಿ ಎಷ್ಟು ಗೇರ್ ಇವೆ ಎಂದು ಕೇಳಬೇಡ. 21 ಇರಲಿ, 7 ಇರಲಿ, ಅತಿ ಹಗುರವಾದ ಗೇರ್‌ನಲ್ಲಿ ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಎಂದು ಎಣಿಸು. ಹಿಂದಿನದು ಮುಂದಿನದಕ್ಕೆ ಸಮವಿದ್ದರೆ ಅಥವಾ ಹೆಚ್ಚಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು.

ಅಕ್ಕ, ಇದು ನಿನಗೆ. ಕಾಲು ಹಗುರವಾಗಿ, ಬೇಗಬೇಗ ತಿರುಗಬೇಕು. ನಿಮಿಷಕ್ಕೆ 70 ಸುತ್ತಿನ ಆಸುಪಾಸು. ಗಡಿಯಾರ ನೋಡಬೇಕಾಗಿಲ್ಲ, ತೊಡೆಗೆ ಬಿಗಿತ ಬಂತು ಎಂದರೆ ಗೇರ್ ಭಾರವಾಗಿದೆ ಎಂದೇ ಅರ್ಥ. ಗಾಂಧಿ ಚೌಕದಲ್ಲಿ ಸಿಗ್ನಲ್ ಬರುವ ಮೊದಲೇ, ಇನ್ನೂ ತುಳಿಯುತ್ತಿರುವಾಗಲೇ ಹಗುರ ಗೇರ್‌ಗೆ ಇಳಿಸಿಬಿಡು. ನಿಂತ ಮೇಲೆ ಚೈನು ಸರಿಯುವುದಿಲ್ಲ. ಮತ್ತೆ ಹೊರಡುವಾಗ ಭಾರದ ಗೇರ್ ಸಿಕ್ಕಿಕೊಂಡಿದ್ದರೆ ಆ ಮೊದಲ ನಾಲ್ಕು ತುಳಿತವೇ ಮೊಣಕಾಲಿಗೆ ಹೆಚ್ಚು ಕೆಟ್ಟದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಸೀಟಿನ ಎತ್ತರ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಆದರೂ ನಮ್ಮ ಊರಲ್ಲಿ ಹತ್ತು ಜನರನ್ನು ನೋಡಿದರೆ ಎಂಟು ಜನರ ಸೀಟು ತೀರ ಕೆಳಗಿರುತ್ತದೆ. ಕಾರಣ ಸರಳ. ಕುಳಿತಲ್ಲೇ ಎರಡೂ ಪಾದ ನೆಲಕ್ಕೆ ಮುಟ್ಟಬೇಕು ಎಂಬ ಆಸೆ, ಬೀಳುವ ಹೆದರಿಕೆ. ಆ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸೀಟು ಕೆಳಗಿದ್ದಷ್ಟೂ ಪೆಡಲ್ ಮೇಲೆ ಬಂದಾಗ ಮೊಣಕಾಲು ಹೆಚ್ಚು ಮಡಿಯುತ್ತದೆ, ಮಡಿದ ಮೊಣಕಾಲಿನಿಂದ ಒತ್ತಿದರೆ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಅಕ್ಕನಿಗೆ ಮೆಟ್ಟಿಲು ಇಳಿಯುವಾಗ ನೋಯುವುದೂ ಅದೇ ಜಾಗದಲ್ಲಿ ಅಲ್ಲವೇ?

ಅಳತೆ ಮಾಡುವ ಬಗೆ ಹೀಗೆ. ಅಳಿಯಾ, ನೀನು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೋ. ಅಕ್ಕ ದಿನವೂ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂರಲಿ, ಪಕ್ಕದ ಗೋಡೆಗೆ ಒಂದು ಕೈ ಊರಿಕೊಳ್ಳಲಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಬೇಕು, ಗಮನಿಸು, ಹಿಮ್ಮಡಿ. ಆಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಅದೇ ಎತ್ತರ. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ತಾನಾಗಿಯೇ ಮೊಣಕಾಲಿನಲ್ಲಿ ಸಣ್ಣ ಮಡಿಕೆ ಉಳಿಯುತ್ತದೆ, 25ರಿಂದ 35 ಡಿಗ್ರಿ ಎನ್ನುತ್ತಾರೆ. ಮೊದಲ ವಾರ ಹೆದರಿಕೆ ಇದ್ದರೆ ಎರಡು ಬೆರಳು ಕೆಳಗಿಡು, ಧೈರ್ಯ ಬಂದ ಹಾಗೆ ಅರ್ಧ ಬೆರಳಿನಂತೆ ಏರಿಸುತ್ತ ಹೋಗು. ನಿಲ್ಲಿಸುವಾಗ ಸೀಟಿನ ಮೇಲೆಯೇ ಕುಳಿತು ನೆಲ ಹುಡುಕಬಾರದು, ಬ್ರೇಕ್ ಹಿಡಿದು ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರಬೇಕು. ದಂಡ ತಗ್ಗಿನಲ್ಲಿದ್ದರೆ ಇದು ಬಹಳ ಸುಲಭ. ಮನೆಯ ಮುಂದಿನ ಖಾಲಿ ರಸ್ತೆಯಲ್ಲಿ ಇದನ್ನೊಂದೇ ಅಭ್ಯಾಸ ಮಾಡಿಸು.

ನಂತರ ನೋವು ಎಲ್ಲಿ ಬರುತ್ತದೆ ಎಂದು ಕೇಳುತ್ತಿರು. ಮೊಣಕಾಲಿನ ಮುಂದೆ ನೋವು ಎಂದರೆ ಸಾಮಾನ್ಯವಾಗಿ ಸೀಟು ಕೆಳಗಾಗಿದೆ, ಹಿಂದೆ ನೋವು ಎಂದರೆ ಮೇಲಾಗಿದೆ. ಪೆಡಲ್ ಸಾದಾ, ಅಗಲವಾದದ್ದೇ ಇರಲಿ. ಅಕ್ಕನ ಪಾದ ನಡೆಯುವಾಗ ಸ್ವಲ್ಪ ಹೊರಕ್ಕೆ ತಿರುಗಿರುತ್ತದೆ, ತುಳಿಯುವಾಗಲೂ ಹಾಗೇ ಇರಲಿ, ಬಲವಂತದಿಂದ ನೇರ ಮಾಡಬಾರದು.

ವಹಿನಿ, ಜೆಲ್ ಸೀಟಿನ ಮಾತು. ಮೆತ್ತಗಿದ್ದಷ್ಟೂ ಸುಖ ಎಂಬುದು ಹತ್ತು ನಿಮಿಷದ ಮಾತು. ಬಹಳ ಮೆತ್ತನೆಯ ಸೀಟಿನಲ್ಲಿ ಕುಳಿತರೆ ಎಲುಬು ಒಳಕ್ಕೆ ಇಳಿದು ಸುತ್ತಲಿನ ಮಾಂಸಕ್ಕೆ ಒತ್ತಡ ಬೀಳುತ್ತದೆ, ಸೊಂಟ ಅಲುಗಾಡುತ್ತದೆ. ನೆಟ್ಟಗೆ ಕೂರುವವರಿಗೆ ಹಿಂಭಾಗ ಅಗಲವಿರುವ, ಮಧ್ಯಮ ಗಟ್ಟಿಯ ಸೀಟು ಸಾಕು. ಸೀಟನ್ನು ಮಟ್ಟಸವಾಗಿ ಇಡಬೇಕು. ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬರುತ್ತದೆ. ಅಕ್ಕನಿಗೆ ಹೆಬ್ಬೆರಳಿನ ಬುಡದಲ್ಲಿಯೂ ನೋವಿದೆ, ಅದನ್ನು ನಾವು ಮರೆಯಬಾರದು.

ಕೈಯ ವಿಷಯಕ್ಕೆ ಬಂದರೆ, ಹ್ಯಾಂಡಲ್ ಸೀಟಿನಷ್ಟೇ ಎತ್ತರ ಇರಲಿ ಅಥವಾ ಸ್ವಲ್ಪ ಮೇಲಿರಲಿ. ಕೋಲಿನಂತೆ ನೇರವಾದ ಹ್ಯಾಂಡಲ್‌ಗಿಂತ ಹಿಂದಕ್ಕೆ ಬಾಗಿದ್ದು ಮಣಿಕಟ್ಟಿಗೆ ಹಿತ. ಬೇಕಿದ್ದರೆ ಆಮೇಲೂ ಬದಲಿಸಬಹುದು, ಅಳತೆ ನೋಡಿ ತರಬೇಕು ಅಷ್ಟೇ. ಅಂಗೈಗೆ ಆಸರೆ ಕೊಡುವ ಚಪ್ಪಟೆ ಹಿಡಿಕೆಗಳು ಸಿಗುತ್ತವೆ, ಅವುಗಳಿಗೆ ಹಣ ಹಾಕುವುದು ಸಾರ್ಥಕ. ಬ್ರೇಕ್ ಲಿವರ್‌ನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಬೆರಳಿಗೆ ಹತ್ತಿರ ಬರುತ್ತದೆ. ಎಷ್ಟೋ ಜನ ಆ ಸ್ಕ್ರೂ ಇದೆ ಎಂಬುದನ್ನೇ ಗಮನಿಸದೆ ವರ್ಷಗಟ್ಟಲೆ ಬೆರಳು ಚಾಚಿ ಬ್ರೇಕ್ ಹಿಡಿಯುತ್ತಾರೆ. ಗೇರ್ ಬದಲಿಸುವ ಗುಂಡಿಯನ್ನು ಅಂಗಡಿಯಲ್ಲಿ ಅಕ್ಕನೇ ಒತ್ತಿ ನೋಡಬೇಕು. ಕೆಲವು ಹೆಬ್ಬೆರಳಿನಿಂದ ಜೋರಾಗಿ ಒತ್ತಬೇಕಾದವು, ಕೆಲವು ಹಿಡಿಕೆಯನ್ನೇ ತಿರುವಬೇಕಾದವು. ಅವಳ ಬೆರಳಿಗೆ ನೋಯದಿರುವುದನ್ನೇ ಆರಿಸಬೇಕು, ಇದನ್ನು ನೀನಾಗಲಿ ನಾನಾಗಲಿ ನಿರ್ಧರಿಸಲಾಗದು.

ಟಯರು 35ರಿಂದ 42 ಮಿಲಿಮೀಟರ್ ಅಗಲ ಇರಲಿ. ನಿಜವಾದ ಶಾಕ್ ಅಬ್ಸಾರ್ಬರ್ ಎಂದರೆ ಟಯರಿನೊಳಗಿನ ಗಾಳಿಯೇ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತಾಗುವವರೆಗೆ ಹೊಡೆದು ಕಳಿಸುತ್ತಾರೆ, ಹಾಗೆ ಮಾಡಿಸಬೇಡ. ಅಕ್ಕನ ತೂಕಕ್ಕೆ ಗಾಳಿಯ ಒತ್ತಡ 45 ಪಿಎಸ್‌ಐ ಆಸುಪಾಸು ಸಾಕು, ಟಯರಿನ ಪಕ್ಕದಲ್ಲಿ ಬರೆದ ಮಿತಿಯೊಳಗೇ ಇರಲಿ. ಮೀಟರ್ ಇರುವ ಪಂಪು ಮನೆಯಲ್ಲಿ ಒಂದಿರಲಿ. ನಮ್ಮ ಕಡೆ ಜಾಲಿ ಮುಳ್ಳಿನ ಕಾಟ ಗೊತ್ತೇ ಇದೆ, ಟಯರಿನೊಳಗೆ ಮುಳ್ಳು ತಡೆಯುವ ಪಟ್ಟಿ ಹಾಕಿಸು. ಮಡ್‌ಗಾರ್ಡ್‌ಗೂ ಟಯರಿಗೂ ನಡುವೆ ಬೆರಳು ಸಲೀಸಾಗಿ ಹೋಗುವಷ್ಟು ಸಂದು ಇರಲಿ, ಎರೆಮಣ್ಣು ಮೆತ್ತಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಬೆಲ್, ಸ್ಟ್ಯಾಂಡ್, ಹಿಂದಿನ ಕೆಂಪು ದೀಪ ಇವೆಲ್ಲ ಬೇಕೇ ಬೇಕು. ಸೀರೆ ಉಟ್ಟು ಓಡಿಸುವುದು ಬೇಡ, ಚೂಡಿದಾರ ಸಾಕು, ಚೈನಿಗೆ ಮಾತ್ರ ಗಾರ್ಡ್ ಇರಬೇಕು.

ಕಾಕಾ, ನಿಮ್ಮ ಬ್ಯಾಟರಿ ಸೈಕಲ್ ಸಲಹೆಯನ್ನು ನಾನು ಅಲ್ಲಗಳೆಯುವುದಿಲ್ಲ. 250 ವ್ಯಾಟ್‌ವರೆಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ವೇಗದ ಮಿತಿ ಇದ್ದರೆ ಲೈಸೆನ್ಸ್, ನೋಂದಣಿ ಯಾವುದೂ ಬೇಡ. ತುಳಿದಾಗ ಮಾತ್ರ ನೆರವಾಗುವ ಬಗೆಯದಾದರೆ ಕೀಲು ನೋವಿನವರಿಗೆ ಅದು ನಿಜಕ್ಕೂ ವರ. ಆದರೆ ಸುಮಾರು 20 ಕಿಲೋ ಮೇಲೆಯೇ ತೂಗುತ್ತದೆ, ಅಕ್ಕನ ಮನೆಗೆ ನಾಲ್ಕು ಮೆಟ್ಟಿಲಿವೆ, ದಿನವೂ ಯಾರು ಎತ್ತಿಡುವವರು? ಅವಳ ದಾರಿಯೂ ಚಿಕ್ಕದು. ಮೊದಲು ಸಾದಾ ಗೇರ್ ಸೈಕಲ್ಲೇ ಆಗಲಿ, ಸಾಲದು ಎನಿಸಿದರೆ ಆಗ ಆ ಯೋಚನೆ ಮಾಡೋಣ.

ಅಕ್ಕ, ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಬಿಸಿಲೇರುವ ಮೊದಲೇ ಗೋಳಗುಮ್ಮಟದ ಕಡೆ ಹೋಗಿ ಬಾ, ಆ ಹೊತ್ತಿಗೆ ವಾಹನ ಕಡಿಮೆ. ತುಳಿದ ಮೇಲೆ ಸ್ವಲ್ಪ ಬಿಗಿತ ಬಂದು ಸಂಜೆಗೆ ಇಳಿದರೆ ಚಿಂತೆಯಿಲ್ಲ. ಮರುದಿನವೂ ನೋವು ಉಳಿದರೆ ಹೊತ್ತು ಕಡಿಮೆ ಮಾಡು. ಮೊಣಕಾಲು ಊದಿಕೊಂಡರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೀಲು ಸಿಕ್ಕಿಕೊಂಡಂತಾದರೆ ಸೈಕಲ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು, ನನಗೆ ಫೋನ್ ಮಾಡುವುದು ಆಮೇಲೆ. ಅವಸರ ಬೇಡ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಅರ್ಧ ಗಂಟೆ ಆರಾಮವಾಗಿ ಓಡಿಸುವಂತಾದರೆ ಬಹಳವಾಯಿತು.

ಅಳಿಯಾ, 15,000 ರೂಪಾಯಿಯ ಆಚೀಚೆ ಇಂಥದ್ದು ಸಿಗುತ್ತದೆ. ಮೊಬೈಲ್‌ನಲ್ಲಿ ನೋಡಿ ತರಿಸಬೇಡ, ಕುಳಿತು ಒಂದು ಸುತ್ತು ಓಡಿಸದೆ ಹಣ ಕೊಡಬಾರದು. ಭಾನುವಾರ ಬೆಳಿಗ್ಗೆ ನಾನೂ ಅಂಗಡಿಗೆ ಬರುತ್ತೇನೆ, ಸೀಟು, ಹ್ಯಾಂಡಲ್ ಸರಿಮಾಡುವ ಅಲೆನ್ ಕೀ ನಾನೇ ತರುತ್ತೇನೆ. ಅಕ್ಕನಿಗೆ ಶೂ ಹಾಕಿಕೊಂಡು ಬರಲು ಹೇಳು, ಚಪ್ಪಲಿ ಬೇಡ.